ಸರಪಳಿಯ ನಕ್ಷೆ ಮತ್ತು ಕೈಯ ಅರಿವು: ಗ್ಯಾರಿ ಗೆರೆಫಿ ಅವರ ವಿದ್ವತ್ತಿನ ಒಂದು ವಿಮರ್ಶೆ

1

ಒಂದು ಕಥೆ ಎಲ್ಲಿ ಹುಟ್ಟಿತು, ಯಾವ ದಾರಿ ಹಿಡಿದು ಸಾಗಿತು, ಸಾಗುವಾಗ ಏನನ್ನು ಕಳೆದುಕೊಂಡು ಏನನ್ನು ಕೂಡಿಸಿಕೊಂಡಿತು ಎಂಬ ಪ್ರಶ್ನೆಗಳು ಜಾನಪದ ಅಧ್ಯಯನದ ಆರಂಭ ಕಾಲದಿಂದಲೂ ಅದರ ಜೊತೆಗಿವೆ. ಫಿನ್ಲೆಂಡಿನ ಕಾರ್ಲೆ ಕ್ರೋನ್ ಮತ್ತು ಆಂಟಿ ಆರ್ನೆ ಅವರು ಬೆಳೆಸಿದ ಐತಿಹಾಸಿಕ-ಭೌಗೋಳಿಕ ಪದ್ಧತಿಯು ಈ ಪ್ರಶ್ನೆಗಳಿಗೆ ನಕ್ಷೆಯ ಮೂಲಕ ಉತ್ತರ ಹುಡುಕಿತು. ಪಾಠಾಂತರಗಳನ್ನು ಒಟ್ಟುಗೂಡಿಸುವುದು, ಅವುಗಳನ್ನು ದೇಶ ಕಾಲಗಳಲ್ಲಿ ಗುರುತಿಸುವುದು, ಆ ಮೂಲಕ ಕಥೆಯ ಮೂಲರೂಪವನ್ನೂ ಅದರ ಸಂಚಾರದ ಮಾರ್ಗವನ್ನೂ ನಿರ್ಣಯಿಸುವುದು ಅದರ ಕ್ರಮ. ಈ ಪದ್ಧತಿಗೆ ಸ್ವೀಡನ್ನಿನ ವಿದ್ವಾಂಸ ಕಾರ್ಲ್ ವಿಲ್‌ಹೆಲ್ಮ್ ಫಾನ್ ಸಿಡೋ ಎತ್ತಿದ ಆಕ್ಷೇಪ ಇಂದಿಗೂ ಸ್ಮರಣೀಯ. ಕಥೆಯು ನೀರಿನ ಅಲೆಯಂತೆ ತಾನೇ ತಾನಾಗಿ ಹರಡುವುದಿಲ್ಲ. ಅದನ್ನು ಬಲ್ಲ, ಹೇಳಬಲ್ಲ ಕೆಲವೇ ಜನ ಅದನ್ನು ಹೊತ್ತು ಸಾಗುತ್ತಾರೆ ಎಂದು ಅವರು ವಾದಿಸಿದರು. ಅಂಥವರನ್ನು ಅವರು ಪರಂಪರೆಯ ಸಕ್ರಿಯ ವಾಹಕರೆಂದು ಕರೆದರು. ವಾಹಕನನ್ನು ಮರೆತ ನಕ್ಷೆಯು ದಾರಿಯನ್ನು ತೋರಿಸಬಲ್ಲುದೇ ಹೊರತು ಪಯಣವನ್ನು ವಿವರಿಸಲಾರದು ಎಂಬುದು ಈ ಆಕ್ಷೇಪದ ಸಾರ.

ಕಥೆಯ ಸಂಚಾರವನ್ನು ಕುರಿತ ಈ ವಾಗ್ವಾದವು ಸರಕಿನ ಸಂಚಾರವನ್ನು ಕುರಿತ ಇನ್ನೊಂದು ಶಾಸ್ತ್ರವನ್ನು ಪರಿಶೀಲಿಸಲು ಉಪಯುಕ್ತವಾದ ಒರೆಗಲ್ಲಾಗಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗ್ಯಾರಿ ಗೆರೆಫಿ ಅವರು ನಾಲ್ಕು ದಶಕಗಳಷ್ಟು ಕಾಲ ಜಾಗತಿಕ ಪೂರೈಕೆ ಸರಪಳಿ ಮತ್ತು ಆರ್ಥಿಕ ಅಭಿವೃದ್ಧಿಗಳ ಸಂಬಂಧವನ್ನು ಅಧ್ಯಯನ ಮಾಡಿದವರು. ಇಂದು ವಿಶ್ವಬ್ಯಾಂಕ್, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹಾಗೂ ಹಲವು ಸರ್ಕಾರಗಳ ವರದಿಗಳಲ್ಲಿ ರೂಢಿಯಾಗಿರುವ ‘ಜಾಗತಿಕ ಮೌಲ್ಯ ಸರಪಳಿ’ ಎಂಬ ಪರಿಕಲ್ಪನೆಯನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಅವರ ಬರಹಗಳನ್ನು ಅರ್ಥಶಾಸ್ತ್ರಜ್ಞರೂ ಭೂಗೋಳಶಾಸ್ತ್ರಜ್ಞರೂ ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಆ ಬರಹಗಳಲ್ಲಿ ಅರಿವು ಯಾರದು, ಅದು ಎಲ್ಲಿ ನೆಲೆಸಿದೆ ಎಂಬ ಪ್ರಶ್ನೆಯನ್ನು ಜಾನಪದದ ಕಡೆಯಿಂದ ಕೇಳಿದ್ದು ಕಡಿಮೆ. ಸರಕಿನ ದಾರಿಯನ್ನು ಗೆರೆಫಿ ಅವರಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ. ಆದರೆ ಆ ದಾರಿಯಲ್ಲಿ ಸರಕನ್ನು ಹೊತ್ತವರ ಕೈಯಲ್ಲಿರುವ ಅರಿವಿಗೆ ಅವರ ನಕ್ಷೆಯಲ್ಲಿ ಸರಿಯಾದ ಸ್ಥಾನ ಸಿಗಲಿಲ್ಲ. ಈ ಮಾತನ್ನು ಅವರ ವಿದ್ವತ್ತಿನ ಮುಖ್ಯ ಘಟ್ಟಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಗೆರೆಫಿ ಅವರ ವಿದ್ವತ್ತು ಆರಂಭವಾದದ್ದು ಮೆಕ್ಸಿಕೊದ ಕಾಡಿನ ಒಂದು ಗೆಡ್ಡೆಯಿಂದ ಎಂಬುದು ಕುತೂಹಲಕರ ಸಂಗತಿ. ಅವರು ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು 1980ರಲ್ಲಿ. ಅವರ ಮೊದಲ ಗ್ರಂಥ ‘ದಿ ಫಾರ್ಮಾಸ್ಯುಟಿಕಲ್ ಇಂಡಸ್ಟ್ರಿ ಅಂಡ್ ಡಿಪೆಂಡೆನ್ಸಿ ಇನ್ ದಿ ಥರ್ಡ್ ವರ್ಲ್ಡ್’ 1983ರಲ್ಲಿ ಪ್ರಕಟವಾಯಿತು. ಲ್ಯಾಟಿನ್ ಅಮೆರಿಕದ ವಿದ್ವಾಂಸರು ಬೆಳೆಸಿದ್ದ ಅವಲಂಬನ ಸಿದ್ಧಾಂತ ಆಗ ಪ್ರಬಲವಾಗಿತ್ತು. ಬಡ ದೇಶಗಳ ಹಿಂದುಳಿಯುವಿಕೆಗೆ ಕಾರಣ ಅವುಗಳ ಆಂತರಿಕ ಕೊರತೆಯಲ್ಲ, ಶ್ರೀಮಂತ ದೇಶಗಳೊಂದಿಗೆ ಅವು ಹೊಂದಿರುವ ಅಸಮ ಸಂಬಂಧವೇ ಕಾರಣ ಎಂಬುದು ಆ ಸಿದ್ಧಾಂತದ ನಿಲುವು. ಗೆರೆಫಿ ಅವರು ಇದನ್ನು ಘೋಷಣೆಯಾಗಿ ಒಪ್ಪದೆ, ಒಂದು ಉದ್ದಿಮೆಯ ಇತಿಹಾಸದಲ್ಲಿ ಪರೀಕ್ಷೆಗೆ ಒಡ್ಡಿದರು.

ಆ ಉದ್ದಿಮೆ ಸ್ಟಿರಾಯ್ಡ್ ಹಾರ್ಮೋನುಗಳದು. 1940ರ ದಶಕದ ಆರಂಭದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಅವರು ಮೆಕ್ಸಿಕೊದ ಕಾಡುಗೆಣಸಿನ ಜಾತಿಯ ಗೆಡ್ಡೆಯಿಂದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ತಯಾರಿಸುವ ದಾರಿ ಕಂಡುಕೊಂಡರು. 1944ರಲ್ಲಿ ಮೆಕ್ಸಿಕೊ ನಗರದಲ್ಲಿ ಸಿಂಟೆಕ್ಸ್ ಎಂಬ ಕಂಪನಿ ಸ್ಥಾಪನೆಯಾಯಿತು. 1951ರಲ್ಲಿ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಮುಂದೆ ಗರ್ಭನಿರೋಧಕ ಮಾತ್ರೆಗೆ ಆಧಾರವಾದ ನೋರೆಥಿಸ್ಟೆರಾನ್ ಸಿದ್ಧವಾಯಿತು. ಈ ಉದ್ದಿಮೆಗೆ ಬೇಕಾದ ಬಾರ್ಬಾಸ್ಕೊ ಗೆಡ್ಡೆ ಮೆಕ್ಸಿಕೊದ ಆಗ್ನೇಯ ಭಾಗದ ಕಾಡುಗಳಲ್ಲಿ ಹೇರಳವಾಗಿ ದೊರೆಯುತ್ತಿತ್ತು. ಕಚ್ಚಾವಸ್ತುವಿತ್ತು, ದೇಶದೊಳಗೇ ಬೆಳೆದ ಕಂಪನಿಯಿತ್ತು, ಉನ್ನತ ಮಟ್ಟದ ವಿಜ್ಞಾನವಿತ್ತು. ಇಷ್ಟಾಗಿಯೂ ಸಿಂಟೆಕ್ಸ್ 1956ರಲ್ಲಿ ಅಮೆರಿಕದ ಒಡೆತನಕ್ಕೆ ಹೋಯಿತು. ಉದ್ದಿಮೆಯ ಉಳಿದ ಭಾಗವೂ ಕ್ರಮೇಣ ಬಹುರಾಷ್ಟ್ರೀಯ ಕಂಪನಿಗಳ ವಶವಾಯಿತು. ಅವಲಂಬನೆಯಿಂದ ಪಾರಾಗುವ ಎಲ್ಲ ಅನುಕೂಲಗಳಿದ್ದ ಉದ್ದಿಮೆಯೂ ಪಾರಾಗಲಿಲ್ಲವೆಂದರೆ ಸಿದ್ಧಾಂತದ ವಾದಕ್ಕೆ ಬಲ ಬರುತ್ತದೆ ಎಂಬುದು ಗೆರೆಫಿ ಅವರ ತರ್ಕ. 1975ರಲ್ಲಿ ಅಧ್ಯಕ್ಷ ಲೂಯಿಸ್ ಎಚೆವೆರಿಯಾ ಅವರ ಸರ್ಕಾರ ಪ್ರೋಕಿವೆಮೆಕ್ಸ್ ಎಂಬ ಸರ್ಕಾರಿ ಸಂಸ್ಥೆಯನ್ನು ಸ್ಥಾಪಿಸಿ ಗೆಡ್ಡೆಯ ವ್ಯಾಪಾರವನ್ನು ಹಿಡಿತಕ್ಕೆ ತರಲು ಯತ್ನಿಸಿತು. ಆದರೆ ಬಹುರಾಷ್ಟ್ರೀಯ ಕಂಪನಿಗಳು ಬೇರೆ ಕಚ್ಚಾವಸ್ತುಗಳತ್ತ ತಿರುಗಿಕೊಳ್ಳಬಲ್ಲವಾಗಿದ್ದವು.

ಈ ಗ್ರಂಥದ ಸಾಧನೆ ದೊಡ್ಡದು. ಒಂದು ವಸ್ತುವನ್ನು ಅದರ ಬೇರಿನಿಂದ ಮಾರುಕಟ್ಟೆಯವರೆಗೆ ಹಿಂಬಾಲಿಸಿದರೆ ಅಧಿಕಾರದ ಸ್ವರೂಪ ಕಾಣುತ್ತದೆ ಎಂಬ ಅವರ ಮುಂದಿನ ಪದ್ಧತಿಯ ಬೀಜ ಇಲ್ಲಿದೆ. ಆದರೆ ಇಲ್ಲಿನ ಪ್ರಧಾನ ಪಾತ್ರಧಾರಿಗಳು ಸರ್ಕಾರ, ಕಂಪನಿ ಮತ್ತು ವಿಜ್ಞಾನಿಗಳು. ಗೆಡ್ಡೆಯನ್ನು ಅಗೆದವರು ಬೆಲೆಯ ಪ್ರಶ್ನೆಯೊಂದಿಗೆ ಬಂದು ಹೋಗುತ್ತಾರೆ.

ಅದೇ ಗೆಡ್ಡೆಯ ಕಥೆಯನ್ನು ಸುಮಾರು ಕಾಲು ಶತಮಾನದ ಅನಂತರ ಇತಿಹಾಸಕಾರ್ತಿ ಗೇಬ್ರಿಯೆಲಾ ಸೋಟೊ ಲವೇಗಾ ಅವರು ಮತ್ತೊಮ್ಮೆ ಬರೆದರು. ಅವರ ‘ಜಂಗಲ್ ಲ್ಯಾಬೊರೇಟರೀಸ್’ ಎಂಬ ಗ್ರಂಥ 2009ರಲ್ಲಿ ಪ್ರಕಟವಾಯಿತು. ಪ್ರಕಟಿಸಿದ್ದು ಗೆರೆಫಿ ಅವರು ಬೋಧಿಸುತ್ತಿದ್ದ ಡ್ಯೂಕ್ ವಿಶ್ವವಿದ್ಯಾಲಯದ ಮುದ್ರಣಾಲಯವೇ. ಅದರಲ್ಲಿ ಒಹಾಕಾ ರಾಜ್ಯದ ಟುಸ್ಟೆಪೆಕ್ ಪ್ರದೇಶದ ರೈತರು ಕಥೆಯ ಮಧ್ಯಕ್ಕೆ ಬರುತ್ತಾರೆ. ಕಂಪನಿಗಳು ಬರುವ ಮೊದಲೇ ಅಲ್ಲಿನ ಜನ ಈ ಗೆಡ್ಡೆಯನ್ನು ಬಲ್ಲವರಾಗಿದ್ದರು. ಹೊಳೆಯಲ್ಲಿ ಮೀನಿಗೆ ಮತ್ತು ಬರಿಸಿ ಹಿಡಿಯಲು ಅದನ್ನು ಬಳಸುತ್ತಿದ್ದರು. ಬಾರ್ಬಾಸ್ಕೊ ಎಂಬ ಹೆಸರಿನಲ್ಲೇ ಆ ಬಳಕೆಯ ನೆನಪಿದೆ. ನೆಲದಡಿಯ ಗೆಡ್ಡೆಯನ್ನು ಮೇಲಿನ ಬಳ್ಳಿ ನೋಡಿ ಗುರುತಿಸುವುದು, ಅಗೆಯುವುದು, ಕೊಳೆಯಿಸಿ ಒಣಗಿಸುವುದು, ಯಾವ ಗೆಡ್ಡೆಯಲ್ಲಿ ಸತ್ವ ಹೆಚ್ಚೆಂದು ಅರಿಯುವುದು ಇವೆಲ್ಲ ಅನುಭವದಿಂದ ಬಂದ ವಿದ್ಯೆಗಳು. ಕಾಲಕ್ರಮದಲ್ಲಿ ಆ ರೈತರಲ್ಲಿ ಕೆಲವರು ರಸಾಯನಶಾಸ್ತ್ರದ ಪರಿಭಾಷೆಯನ್ನೂ ತಮ್ಮದಾಗಿಸಿಕೊಂಡು, ಅದರ ಬಲದಿಂದ ಸರ್ಕಾರದೊಂದಿಗೆ ಚೌಕಾಸಿ ಮಾಡಿದರು.

ಈ ಎರಡು ಗ್ರಂಥಗಳನ್ನು ಜೊತೆಯಲ್ಲಿಟ್ಟು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗೆರೆಫಿ ಅವರಲ್ಲಿ ಅರಿವು ಪ್ರಯೋಗಾಲಯದಲ್ಲಿದೆ, ಕಾಡಿನಲ್ಲಿರುವುದು ಕಚ್ಚಾವಸ್ತು. ಸೋಟೊ ಲವೇಗಾ ಅವರಲ್ಲಿ ಕಾಡೂ ಒಂದು ಪ್ರಯೋಗಾಲಯ. ಗೆರೆಫಿ ಅವರ ಮುಂದಿನ ಬರಹಗಳಲ್ಲೆಲ್ಲ ಮೊದಲ ಗ್ರಂಥದ ಈ ವಿಂಗಡಣೆ ಬೇರೆ ಬೇರೆ ರೂಪದಲ್ಲಿ ಮುಂದುವರಿದಿದೆ.

3

‘ಸರಕು ಸರಪಳಿ’ ಎಂಬ ಪದ ಗೆರೆಫಿ ಅವರ ಸೃಷ್ಟಿಯಲ್ಲ. ವಿಶ್ವವ್ಯವಸ್ಥೆಯ ಸಿದ್ಧಾಂತವನ್ನು ಮಂಡಿಸಿದ ಟೆರೆನ್ಸ್ ಹಾಪ್ಕಿನ್ಸ್ ಮತ್ತು ಇಮ್ಯಾನ್ಯುಯೆಲ್ ವಾಲರ್‌ಸ್ಟೈನ್ ಅದನ್ನು 1977ರಲ್ಲಿ ಬಳಕೆಗೆ ತಂದರು. ಅವರ ಆಸಕ್ತಿಯಿದ್ದದ್ದು ಬಂಡವಾಳಶಾಹಿಯ ದೀರ್ಘ ಇತಿಹಾಸದಲ್ಲಿ. ಹಡಗು ನಿರ್ಮಾಣ, ಗೋಧಿಹಿಟ್ಟು ಮುಂತಾದ ಹಳೆಯ ಸರಕುಗಳ ಮೂಲಕ, ವಿಶ್ವವ್ಯವಸ್ಥೆ ಇಂದು ನಿನ್ನೆಯದಲ್ಲ ಎಂದು ತೋರಿಸುವುದು ಅವರ ಗುರಿ. ಗೆರೆಫಿ ಅವರು ಅದೇ ಪದವನ್ನು ಸಮಕಾಲೀನ ಕೈಗಾರಿಕೆಯತ್ತ ತಿರುಗಿಸಿದರು. ಮೆಕ್ಸಿಕೊ, ಬ್ರೆಜಿಲ್ ಒಂದು ಕಡೆ, ದಕ್ಷಿಣ ಕೊರಿಯಾ, ತೈವಾನ್ ಇನ್ನೊಂದು ಕಡೆ ಇಟ್ಟುಕೊಂಡು ನಡೆಸಿದ ತೌಲನಿಕ ಅಧ್ಯಯನ ‘ಮ್ಯಾನುಫ್ಯಾಕ್ಚರಿಂಗ್ ಮಿರಕಲ್ಸ್’ (1990) ಈ ತಿರುವಿಗೆ ಸಿದ್ಧತೆಯಾಗಿತ್ತು. ಡೊನಾಲ್ಡ್ ವೈಮನ್ ಅವರೊಂದಿಗೆ ಸಂಪಾದಿಸಿದ ಆ ಗ್ರಂಥವು ಅಭಿವೃದ್ಧಿಗೆ ಒಂದೇ ದಾರಿಯೆಂಬ ನಂಬಿಕೆಯನ್ನು ಪ್ರಶ್ನಿಸಿತು. 1992ರಲ್ಲಿ ಡ್ಯೂಕ್‌ನಲ್ಲಿ ನಡೆದ ಸಮ್ಮೇಳನದ ಪ್ರಬಂಧಗಳು ಮಿಗೆಲ್ ಕೋರ್ಜೆನ್ಯೆವಿಚ್ ಅವರ ಜೊತೆಗಿನ ಸಂಪಾದಕತ್ವದಲ್ಲಿ ‘ಕಮಾಡಿಟಿ ಚೇನ್ಸ್ ಅಂಡ್ ಗ್ಲೋಬಲ್ ಕ್ಯಾಪಿಟಲಿಸಂ’ (1994) ಎಂಬ ಗ್ರಂಥವಾಗಿ ಹೊರಬಂದವು.

ಈ ಗ್ರಂಥದಲ್ಲಿ ಗೆರೆಫಿ ಅವರು ಮಾಡಿದ ಒಂದು ವಿಂಗಡಣೆ ಅವರಿಗೆ ಜಾಗತಿಕ ಖ್ಯಾತಿಯನ್ನು ತಂದಿತು. ಕಾರು, ವಿಮಾನಗಳಂತಹ ಉದ್ದಿಮೆಗಳಲ್ಲಿ ಸರಪಳಿಯನ್ನು ನಡೆಸುವವರು ಬೃಹತ್ ಉತ್ಪಾದಕರು. ಉಡುಪು, ಪಾದರಕ್ಷೆ, ಆಟಿಕೆಗಳ ಉದ್ದಿಮೆಯಲ್ಲಿ ಸರಪಳಿಯನ್ನು ನಡೆಸುವವರು ಕೊಳ್ಳುವವರು, ಎಂದರೆ ದೊಡ್ಡ ಅಂಗಡಿಗಳ ಜಾಲಗಳು ಮತ್ತು ಹೆಸರಾಂತ ಬ್ರ್ಯಾಂಡುಗಳು. ಇವರಿಗೆ ಸ್ವಂತ ಕಾರ್ಖಾನೆ ಇರಬೇಕಾಗಿಲ್ಲ. ವಿನ್ಯಾಸ, ಹೆಸರು, ಮಾರಾಟಗಳನ್ನು ತಮ್ಮಲ್ಲಿಟ್ಟುಕೊಂಡು ಹೊಲಿಗೆಯನ್ನು ಹೊರಗೆ ಕೊಟ್ಟರೆ ಸಾಕು. ಕಾರ್ಖಾನೆಯನ್ನು ಹೊಂದದೆಯೇ ಕಾರ್ಖಾನೆಯನ್ನು ಆಳಬಹುದು ಎಂಬ ಈ ಮಾತು ಇಂದು ಸಾಮಾನ್ಯಜ್ಞಾನದಂತೆ ತೋರಬಹುದು. ಅದನ್ನು ಶಾಸ್ತ್ರದ ಮಾತಾಗಿಸಿದ ಶ್ರೇಯಸ್ಸು ಬಹುಪಾಲು ಗೆರೆಫಿ ಅವರದು. 1999ರಲ್ಲಿ ಪ್ರಕಟವಾದ ಉಡುಪು ಉದ್ದಿಮೆಯ ಲೇಖನದಲ್ಲಿ ಅವರು ಹಾಂಗ್‌ಕಾಂಗ್, ತೈವಾನ್, ಕೊರಿಯಾಗಳ ತಯಾರಕರು ಅಮೆರಿಕದ ಬೇಡಿಕೆಯನ್ನು ಪಡೆದು ಅದನ್ನು ಕಡಿಮೆ ಕೂಲಿಯ ದೇಶಗಳಿಗೆ ದಾಟಿಸುವ ‘ತ್ರಿಕೋನ ಉತ್ಪಾದನೆ’ಯನ್ನು ವಿವರಿಸಿದರು. ಬಿಡಿಭಾಗಗಳ ಜೋಡಣೆಯಿಂದ ಪೂರ್ಣ ಉತ್ಪಾದನೆಗೆ, ಅಲ್ಲಿಂದ ಸ್ವಂತ ಬ್ರ್ಯಾಂಡಿಗೆ ಏರುವ ಕ್ರಮವನ್ನು ‘ಕೈಗಾರಿಕಾ ಉನ್ನತೀಕರಣ’ ಎಂದು ಗುರುತಿಸಿದರು.

ಇಲ್ಲಿ ಒಂದು ಪಲ್ಲಟವನ್ನು ಗಮನಿಸಬೇಕು. 1983ರ ಗ್ರಂಥದ ಪ್ರಶ್ನೆ, ಬಡ ದೇಶದ ಉದ್ದಿಮೆ ಏಕೆ ಕೈತಪ್ಪುತ್ತದೆ ಎಂಬುದಾಗಿತ್ತು. 1999ರ ಲೇಖನದ ಪ್ರಶ್ನೆ, ಬಡ ದೇಶದ ಕಂಪನಿ ಸರಪಳಿಯಲ್ಲಿ ಹೇಗೆ ಮೇಲೇರುತ್ತದೆ ಎಂಬುದು. ಮೊದಲನೆಯದು ಸರಪಳಿಯನ್ನು ಬಂಧನವಾಗಿ ನೋಡಿದರೆ ಎರಡನೆಯದು ಏಣಿಯಾಗಿ ನೋಡುತ್ತದೆ. ಈ ಪಲ್ಲಟಕ್ಕೆ ಪೂರ್ವ ಏಷ್ಯಾದ ಅನುಭವ ಕಾರಣವೆಂಬುದು ನಿಜ. ಕೊರಿಯಾ, ತೈವಾನ್‌ಗಳ ಏಳಿಗೆಯನ್ನು ಅವಲಂಬನ ಸಿದ್ಧಾಂತ ಸುಲಭವಾಗಿ ವಿವರಿಸಲಾರದಾಗಿತ್ತು. ಆದರೆ ಏಣಿಯ ರೂಪಕದೊಂದಿಗೆ ಒಂದು ಮೌಲ್ಯನಿರ್ಣಯವೂ ಬಂದಿತು. ಮೇಲಿನ ಮೆಟ್ಟಿಲಲ್ಲಿ ವಿನ್ಯಾಸ ಮತ್ತು ಹೆಸರು, ಕೆಳಗಿನ ಮೆಟ್ಟಿಲಲ್ಲಿ ಹೊಲಿಗೆ. ಕೈಕೆಲಸವೆಂದರೆ ಬಿಟ್ಟು ಮೇಲೇರಬೇಕಾದ ಸ್ಥಿತಿ ಎಂಬ ಅರ್ಥ ಅದರೊಳಗೆ ಸೇರಿಕೊಂಡಿತು.

4

2000ದಲ್ಲಿ ಇಟಲಿಯ ಬೆಲಾಜಿಯೊದಲ್ಲಿ ಸೇರಿದ ಸಂಶೋಧಕರ ಗುಂಪು ‘ಸರಕು ಸರಪಳಿ’ಗೆ ಬದಲಾಗಿ ‘ಮೌಲ್ಯ ಸರಪಳಿ’ ಎಂಬ ಪದವನ್ನು ಆರಿಸಿಕೊಂಡಿತು. ಗೆರೆಫಿ ಆ ಗುಂಪಿನ ಮುಂದಾಳುಗಳಲ್ಲಿ ಒಬ್ಬರು. ಇದರ ಪ್ರೌಢ ಫಲವೇ ಜಾನ್ ಹಂಫ್ರಿ ಮತ್ತು ಟಿಮೊಥಿ ಸ್ಟರ್ಜನ್ ಅವರ ಜೊತೆ ಗೆರೆಫಿ 2005ರಲ್ಲಿ ಪ್ರಕಟಿಸಿದ ಮೌಲ್ಯ ಸರಪಳಿಗಳ ಯಜಮಾನಿಕೆಯನ್ನು ಕುರಿತ ಲೇಖನ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಅದೂ ಒಂದು.

ಈ ಲೇಖನವು ಮೂರು ಪ್ರಶ್ನೆಗಳನ್ನು ಕೇಳುತ್ತದೆ. ವ್ಯವಹಾರಕ್ಕೆ ಬೇಕಾದ ಮಾಹಿತಿ ಎಷ್ಟು ಜಟಿಲ? ಆ ಮಾಹಿತಿಯನ್ನು ಎಷ್ಟರಮಟ್ಟಿಗೆ ಬರಹಕ್ಕೆ, ಅಳತೆಗೆ, ಸೂತ್ರಕ್ಕೆ ಇಳಿಸಬಹುದು? ಪೂರೈಕೆದಾರರ ಸಾಮರ್ಥ್ಯ ಎಷ್ಟು? ಪ್ರತಿಯೊಂದಕ್ಕೂ ಹೆಚ್ಚು ಅಥವಾ ಕಡಿಮೆ ಎಂಬ ಉತ್ತರ ಕೊಟ್ಟರೆ ಎಂಟು ಸಾಧ್ಯತೆಗಳು ದೊರೆಯುತ್ತವೆ. ಇವುಗಳಲ್ಲಿ ಐದನ್ನು ಲೇಖಕರು ಸರಪಳಿಯ ಮಾದರಿಗಳಾಗಿ ಸ್ವೀಕರಿಸುತ್ತಾರೆ. ಕೇವಲ ಮಾರುಕಟ್ಟೆಯ ಸಂಬಂಧ, ಘಟಕಾತ್ಮಕ ಸಂಬಂಧ, ಪರಸ್ಪರ ನಂಬಿಕೆಯ ಸಂಬಂಧ, ಅಧೀನ ಸಂಬಂಧ, ಒಂದೇ ಸಂಸ್ಥೆಯೊಳಗಿನ ಶ್ರೇಣಿ ಸಂಬಂಧ ಇವೇ ಆ ಐದು. ಇಷ್ಟು ಅಡಕವಾದ, ಪರೀಕ್ಷೆಗೆ ಒಡ್ಡಬಹುದಾದ ಮಾದರಿ ಸಮಾಜಶಾಸ್ತ್ರದಲ್ಲಿ ಸುಲಭವಾಗಿ ಸಿಗುವಂಥದಲ್ಲ. ಅದರ ಜನಪ್ರಿಯತೆಗೆ ಈ ಅಡಕತನವೇ ಮುಖ್ಯ ಕಾರಣ.

ಜಾನಪದ ವಿದ್ವಾಂಸರ ಗಮನ ಸಹಜವಾಗಿಯೇ ಎರಡನೆಯ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಯಾವ ಅರಿವನ್ನು ಬರಹಕ್ಕೆ ಇಳಿಸಬಹುದು, ಯಾವುದು ಇಳಿಯಲಾರದು ಎಂಬುದು ಮೌಖಿಕ ಪರಂಪರೆಯ ಅಧ್ಯಯನದ ಕೇಂದ್ರ ಸಮಸ್ಯೆ. ಹಾಡನ್ನು ಬರೆದುಕೊಳ್ಳಬಹುದು, ಹಾಡುಗಾರಿಕೆಯನ್ನು ಬರೆದುಕೊಳ್ಳಲಾಗದು. ಬುಟ್ಟಿಯ ಅಳತೆಯನ್ನು ಬರೆಯಬಹುದು, ಬಿದಿರನ್ನು ಸೀಳುವಾಗ ಬೆರಳಿಗೆ ತಿಳಿಯುವ ಹದವನ್ನು ಬರೆಯಲಾಗದು. ಕ್ಷೇತ್ರಕಾರ್ಯ ಮಾಡಿದ ಪ್ರತಿಯೊಬ್ಬ ಸಂಶೋಧಕನಿಗೂ ಈ ಅಂತರದ ಅನುಭವವಿರುತ್ತದೆ. ಗೆರೆಫಿ ಮತ್ತು ಸಂಗಡಿಗರೂ ಇದನ್ನು ಬಲ್ಲರು. ಬರಹಕ್ಕೆ ಇಳಿಯದ ಅರಿವು ಇದ್ದಲ್ಲಿ ನಂಬಿಕೆಯ, ಮುಖಾಮುಖಿಯ ಸಂಬಂಧ ಬೇಕಾಗುತ್ತದೆ ಎಂದು ಅವರೇ ಹೇಳುತ್ತಾರೆ. ಆದರೆ ಈ ಅರಿವು ಅವರ ಮಾದರಿಯಲ್ಲಿ ಕಾಣಿಸಿಕೊಳ್ಳುವುದು ಎರಡು ಕಂಪನಿಗಳ ನಡುವಿನ ವ್ಯವಹಾರದ ಒಂದು ತೊಡಕಾಗಿ. ಅದು ಯಾರದೋ ಸ್ವತ್ತು, ಯಾರೋ ಯಾರಿಗೋ ವರ್ಷಗಟ್ಟಲೆ ಕಲಿಸಿದ ವಿದ್ಯೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ‘ಪೂರೈಕೆದಾರರ ಸಾಮರ್ಥ್ಯ’ ಎಂಬ ಮೂರನೆಯ ಅಂಶದಲ್ಲಿಯೂ ಸಾಮರ್ಥ್ಯ ಕಂಪನಿಯದೇ ಹೊರತು ಕಂಪನಿಯೊಳಗೆ ದುಡಿಯುವವರದಲ್ಲ.

ಕೋಷ್ಟಕದಿಂದ ಹೊರಗುಳಿದ ಸಾಧ್ಯತೆಗಳಲ್ಲಿ ಒಂದು ವಿಶೇಷವಾಗಿ ವಿಚಾರಾರ್ಹ. ಕೆಲಸ ಸರಳ, ಅದನ್ನು ಬರಹಕ್ಕೆ ಇಳಿಸುವುದೂ ಸುಲಭ, ಆದರೆ ಪೂರೈಕೆದಾರರ ಸಾಮರ್ಥ್ಯ ಕಡಿಮೆ. ಹೀಗಿದ್ದಾಗ ಅಂಥ ಪೂರೈಕೆದಾರರು ಸರಪಳಿಯಿಂದ ಹೊರಗೆ ಬೀಳುತ್ತಾರೆ. ಬಡ ದೇಶಗಳ ದೃಷ್ಟಿಯಿಂದ ಇದು ಮಹತ್ವದ ಸಂಗತಿಯೆಂದು ಲೇಖಕರೂ ಒಪ್ಪುತ್ತಾರೆ. ಆದರೂ ಅದು ಸರಪಳಿಯ ಒಂದು ಮಾದರಿಯಾಗುವುದಿಲ್ಲವೆಂಬ ಕಾರಣಕ್ಕೆ ಅದನ್ನು ಬದಿಗಿಡುತ್ತಾರೆ. ತರ್ಕದ ದೃಷ್ಟಿಯಿಂದ ಇದು ಸರಿ. ಆದರೆ ಅಭಿವೃದ್ಧಿಯನ್ನು ಕುರಿತ ಶಾಸ್ತ್ರವೊಂದು ಹೊರಬಿದ್ದವರನ್ನು ತನ್ನ ಕೋಷ್ಟಕದ ಹೊರಗೇ ಬಿಡುವುದಾದರೆ, ಆ ಶಾಸ್ತ್ರದ ಗಡಿಯನ್ನು ಗುರುತಿಸಬೇಕಾದದ್ದು ಅಲ್ಲಿಯೇ.

5

ಈ ಗಡಿ ಎಲ್ಲಿದೆ ಎಂಬುದನ್ನು ಗೆರೆಫಿ ಅವರ ಸ್ವಂತ ಕ್ಷೇತ್ರಾಧ್ಯಯನವೊಂದರ ಉತ್ತರಕಥೆ ತೋರಿಸುತ್ತದೆ. ಉತ್ತರ ಮೆಕ್ಸಿಕೊದ ಟೊರೆಯೋನ್ ನಗರದ ಜೀನ್ಸ್ ಉದ್ದಿಮೆಯನ್ನು ಕುರಿತು ಅವರು ಜೆನಿಫರ್ ಬೇರ್ ಅವರೊಂದಿಗೆ 2001ರಲ್ಲಿ ಲೇಖನ ಪ್ರಕಟಿಸಿದರು. ಹಿಂದಿನ ಸುಂಕದ ನಿಯಮಗಳ ಅಡಿಯಲ್ಲಿ ಬಟ್ಟೆಯನ್ನು ಅಮೆರಿಕದಲ್ಲೇ ಕತ್ತರಿಸಿ, ಹೊಲಿಗೆಗಷ್ಟೇ ಮೆಕ್ಸಿಕೊಗೆ ಕಳುಹಿಸುವುದು ಲಾಭಕರವಾಗಿತ್ತು. 1994ರ ಜನವರಿ 1ರಂದು ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ ಕತ್ತರಿಸುವುದು, ಒಗೆದು ಹದಗೊಳಿಸುವುದು, ಕೊನೆಯ ಒಪ್ಪಗೆಲಸ ಎಲ್ಲವೂ ಟೊರೆಯೋನ್‌ಗೆ ಬಂದವು. ಉನ್ನತೀಕರಣದ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಆದರೂ ಇಬ್ಬರೂ ಲೇಖಕರು ಎಚ್ಚರಿಕೆಯಿಂದಲೇ ಬರೆದರು. ಲಾಭದ ಹಂಚಿಕೆ ಸಮನಾಗಿಲ್ಲ, ಕೆಲವೇ ಸ್ಥಳೀಯ ಮನೆತನಗಳಿಗೆ ಅದು ಹೆಚ್ಚು ದಕ್ಕಿದೆ ಎಂಬುದನ್ನು ಅವರು ಮರೆಮಾಚಲಿಲ್ಲ.

ಆದರೆ 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. 2005ರ ಆರಂಭಕ್ಕೆ ಜವಳಿಯ ಕೋಟಾ ಪದ್ಧತಿ ಕೊನೆಗೊಂಡಿತು. ಟೊರೆಯೋನ್‌ನ ಬೇಡಿಕೆ ಕುಸಿಯಿತು, ಕಾರ್ಖಾನೆಗಳು ಮುಚ್ಚಿದವು. ಏಣಿ ಹತ್ತಿದ ಊರು ಏಣಿಯ ಸಮೇತ ಕೆಳಗೆ ಬಿದ್ದಿತು. ಆಗ ಬೇರ್ ಅವರೇ ಮಾರಿಯನ್ ವರ್ನರ್ ಅವರೊಂದಿಗೆ 2011ರಲ್ಲಿ ಬರೆದ ಲೇಖನದಲ್ಲಿ ಪ್ರಶ್ನೆಯನ್ನು ತಿರುಗಿಸಿದರು. ಸರಪಳಿಗೆ ಸೇರುವುದು ಹೇಗೆ ಎಂಬುದರಷ್ಟೇ, ಸರಪಳಿಯಿಂದ ಕಳಚಿಕೊಳ್ಳುವುದು ಹೇಗೆ ಎಂಬುದೂ ಮುಖ್ಯವೆಂದು ವಾದಿಸಿದರು. ಟೊರೆಯೋನ್ ಇರುವ ಲಾ ಲಗುನಾ ಪ್ರದೇಶ ಜೀನ್ಸ್ ಬರುವ ಮೊದಲು ಹತ್ತಿಯ ಸೀಮೆ. 1936ರಲ್ಲಿ ಅಧ್ಯಕ್ಷ ಕಾರ್ಡೆನಾಸ್ ಅವರ ಕಾಲದಲ್ಲಿ ದೊಡ್ಡ ಪ್ರಮಾಣದ ಭೂಹಂಚಿಕೆ ನಡೆದ ನೆಲ. ಹತ್ತಿಯ ಬದುಕು ಕಳಚಿದ್ದರಿಂದ ಹೊಲಿಗೆಗೆ ಕೈಗಳು ದೊರೆತವು. ಮುಂದೆ ಹೊಲಿಗೆಯೂ ಕಳಚಿತು. ಸರಪಳಿಯ ನಕ್ಷೆಯಲ್ಲಿ ಟೊರೆಯೋನ್ ಕಾಣಿಸಿಕೊಳ್ಳುವುದು ಈ ಎರಡು ಕಳಚುವಿಕೆಗಳ ನಡುವಿನ ಕೆಲವು ವರ್ಷಗಳಲ್ಲಿ ಮಾತ್ರ.

6

ಗೆರೆಫಿ ಅವರ ಚಿಂತನೆ ಈ ಟೀಕೆಗಳಿಗೆ ಕಿವುಡಾಗಿ ಉಳಿಯಲಿಲ್ಲ ಎಂಬುದನ್ನು ಹೇಳದಿದ್ದರೆ ವಿಮರ್ಶೆ ಅನ್ಯಾಯದ್ದಾಗುತ್ತದೆ. ಸ್ಟೆಫನಿ ಬ್ಯಾರಿಯೆಂಟೋಸ್ ಮತ್ತು ಅರಿಯಾನಾ ರೋಸಿ ಅವರ ಜೊತೆ 2011ರಲ್ಲಿ ಬರೆದ ಲೇಖನದಲ್ಲಿ ಅವರು, ಕಂಪನಿಯ ಆರ್ಥಿಕ ಉನ್ನತೀಕರಣದಿಂದ ಕಾರ್ಮಿಕರ ಸಾಮಾಜಿಕ ಉನ್ನತಿ ತಾನಾಗಿಯೇ ಒದಗುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಕೂಲಿ, ದುಡಿಮೆಯ ಅವಧಿಗಳಂತಹ ಅಳೆಯಬಹುದಾದ ಮಾನಕಗಳು ಬೇರೆ, ಸಂಘಟನೆಯ ಹಕ್ಕಿನಂತಹ ಬಲ ನೀಡುವ ಹಕ್ಕುಗಳು ಬೇರೆ ಎಂಬ ವಿವೇಚನೆ ಆ ಲೇಖನದ ಮುಖ್ಯ ಕೊಡುಗೆ. ಎರಡು ವರ್ಷಗಳ ಬಳಿಕ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಬಿರುಕು ಬಿಟ್ಟಿದ್ದ ಕಟ್ಟಡದೊಳಗೆ ಹೋಗುವುದಿಲ್ಲವೆಂದು ಹೇಳುವ ಬಲ ಕಾರ್ಮಿಕರಿಗೆ ಇರಲಿಲ್ಲ. ಲೇಖನದ ವಿವೇಚನೆ ಎಷ್ಟು ನಿಜವೆಂಬುದನ್ನು ಆ ದುರಂತ ತೋರಿಸಿತು. 2020ರಲ್ಲಿ ಕೋವಿಡ್ ಕಾಲದ ಮುಖಗವಸುಗಳ ಅಭಾವವನ್ನು ಕುರಿತು ಬರೆದಾಗಲೂ ಅವರು ಜಾಗತಿಕ ಸರಪಳಿಯನ್ನಷ್ಟೇ ದೂಷಿಸದೆ, ಅಮೆರಿಕ ಸರ್ಕಾರದ ನೀತಿಯ ವೈಫಲ್ಯವನ್ನು ನಿಷ್ಠುರವಾಗಿ ಗುರುತಿಸಿದರು.

ಇನ್ನೊಂದು ನಿದರ್ಶನ ಭಾರತಕ್ಕೆ ಸಂಬಂಧಿಸಿದ್ದು. ಚೀನಾ ವರ್ಷಕ್ಕೆ 6 ಲಕ್ಷ, ಭಾರತ 3.5 ಲಕ್ಷ ಎಂಜಿನಿಯರುಗಳನ್ನು ತಯಾರಿಸುತ್ತಿವೆ, ಅಮೆರಿಕ ಕೇವಲ 70,000 ಎಂಬ ಅಂಕಿಗಳು 2005ರ ಸುಮಾರಿಗೆ ಅಮೆರಿಕದಲ್ಲಿ ಆತಂಕ ಹುಟ್ಟಿಸಿದ್ದವು. ಗೆರೆಫಿ, ವಿವೇಕ್ ವಾಧ್ವಾ ಮತ್ತು ಸಂಗಡಿಗರು ಈ ಅಂಕಿಗಳನ್ನು ಬಿಡಿಸಿ ನೋಡಿ, ಎಂಜಿನಿಯರ್ ಎಂಬ ಪದಕ್ಕೆ ಆ ಮೂರು ದೇಶಗಳಲ್ಲಿ ಒಂದೇ ಅರ್ಥವಿಲ್ಲ, ಆದ್ದರಿಂದ ಈ ಹೋಲಿಕೆ ಸಲ್ಲದು ಎಂದು ತೋರಿಸಿದರು. ಹೆಸರಿನ ಹಿಂದಿರುವ ಕುಶಲತೆಯನ್ನು ನೋಡದೆ ತಲೆ ಎಣಿಸಬಾರದು ಎಂಬುದು ಅವರ ವಾದದ ಸಾರ. ಇದು ಒಪ್ಪಬೇಕಾದ ವಾದ. ಆದರೆ ಎಂಜಿನಿಯರಿಗೆ ಸಂದ ಈ ಎಚ್ಚರ ಹೊಲಿಯುವವಳಿಗೆ ಸಲ್ಲಲಿಲ್ಲ. 2011ರ ಲೇಖನವು ದುಡಿಮೆಯನ್ನು ಮನೆಯ ಮಟ್ಟದ ಸಣ್ಣ ಕೆಲಸ, ಕಡಿಮೆ ಕೌಶಲದ ಕೆಲಸ, ಮಧ್ಯಮ ಕೌಶಲದ ಕೆಲಸ, ಉನ್ನತ ಕೌಶಲದ ಕೆಲಸ, ಜ್ಞಾನಪ್ರಧಾನ ಕೆಲಸ ಎಂದು ವಿಂಗಡಿಸುತ್ತದೆ. ಕಡಿಮೆ ಕೌಶಲ ಎಂಬ ಹೆಸರಿನ ಹಿಂದೆ ಏನಿದೆ ಎಂದು ಅಂಕಿಗಳನ್ನು ಬಿಡಿಸಿದಂತೆ ಬಿಡಿಸಿ ನೋಡುವ ಕೆಲಸ ಅಲ್ಲಿ ನಡೆಯುವುದಿಲ್ಲ.

7

ಬೆಂಗಳೂರು ಈ ಎರಡೂ ಬಗೆಯ ದುಡಿಮೆಗಳು ಅಕ್ಕಪಕ್ಕದಲ್ಲಿರುವ ನಗರ. ಒಂದು ಕಡೆ ತಂತ್ರಾಂಶ ಕಂಪನಿಗಳು, ಇನ್ನೊಂದು ಕಡೆ ವಿದೇಶಿ ಬ್ರ್ಯಾಂಡುಗಳಿಗೆ ಹೊಲಿಯುವ ಸಿದ್ಧ ಉಡುಪು ಕಾರ್ಖಾನೆಗಳು. ಗಾರ್ಮೆಂಟ್ಸ್ ಎಂದೇ ಜನ ಕರೆಯುವ ಈ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಹಳ್ಳಿಗಳಿಂದ ಬಂದವರು ಬಹಳ. ಗೆರೆಫಿ ಅವರು ವಿವರಿಸಿದ ಕೊಳ್ಳುವವರ ಯಜಮಾನಿಕೆಯನ್ನು ಇಲ್ಲಿ ದಿನನಿತ್ಯ ಕಾಣಬಹುದು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನ ರೂಪದಲ್ಲಿ ಅದು ಹೊಲಿಗೆ ಯಂತ್ರದವರೆಗೆ ಬಂದು ಮುಟ್ಟುತ್ತದೆ. ಈ ಮಟ್ಟಿಗೆ ಅವರ ಸಿದ್ಧಾಂತ ಕರ್ನಾಟಕದ ಓದುಗರಿಗೂ ಬೇಕಾದದ್ದು.

ಆದರೆ 2016ರ ಏಪ್ರಿಲ್ 18 ಮತ್ತು 19ರಂದು ಈ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದದ್ದು ಕೊಳ್ಳುವವರ ವಿರುದ್ಧವೂ ಅಲ್ಲ, ಕಾರ್ಖಾನೆಯ ಒಡೆಯರ ವಿರುದ್ಧವೂ ಅಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂಬ ಕೇಂದ್ರ ಸರ್ಕಾರದ ಹೊಸ ನಿಯಮದ ವಿರುದ್ಧ. ಆ ವಯಸ್ಸಿನವರೆಗೆ ಯಂತ್ರದ ಮುಂದೆ ಕೂರುವ ಭರವಸೆ ಯಾರಿಗೂ ಇಲ್ಲದ ಕೆಲಸದಲ್ಲಿ ಆ ಹಣ ಮಕ್ಕಳ ಓದಿಗೆ, ಮದುವೆಗೆ, ಸಾಲ ತೀರಿಸುವುದಕ್ಕೆ ಆಸರೆ. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಪ್ರಬಲ ನಾಯಕತ್ವವಿಲ್ಲದೆ ಬಾಯಿಂದ ಬಾಯಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಹರಡಿದ ಈ ಪ್ರತಿಭಟನೆಯನ್ನು ಮೌಲ್ಯ ಸರಪಳಿಯ ಯಾವ ಕೊಂಡಿಯಲ್ಲಿ ಇಡುವುದು? ಅದು ಸರಕಿನ ಚಲನೆಯಲ್ಲ, ಸುದ್ದಿಯ ಚಲನೆ. ಕಂಪನಿಗಳ ಸಂಬಂಧವಲ್ಲ, ಪರಿಚಯದ, ನೆರೆಹೊರೆಯ, ಒಂದೇ ಸಾಲಿನಲ್ಲಿ ಕೂತು ದುಡಿದವರ ಸಂಬಂಧ. ಇಂತಹ ಚಲನೆಯನ್ನು ಓದುವ ಸಲಕರಣೆಗಳು ಜಾನಪದ ಅಧ್ಯಯನದಲ್ಲಿವೆ. ದುರದೃಷ್ಟವಶಾತ್ ಕನ್ನಡ ಜಾನಪದವೂ ಕಾರ್ಖಾನೆಯ ಒಳಗನ್ನು ಬಹುಕಾಲ ತನ್ನ ಕ್ಷೇತ್ರವೆಂದು ಭಾವಿಸಲಿಲ್ಲ. ಹಳ್ಳಿಯಲ್ಲಿ ಬೀಸುವ ಪದ ಹಾಡಿದವಳನ್ನು ವಕ್ತೃ ಎಂದು ಗೌರವಿಸಿದ ಶಾಸ್ತ್ರ, ನಗರಕ್ಕೆ ಬಂದು ಕಾಲರು ಕೂಡಿಸುವ ಅವಳ ಮೊಮ್ಮಗಳ ಅರಿವನ್ನು ದಾಖಲಿಸಲು ತಡಮಾಡಿದೆ. ಗೆರೆಫಿ ಅವರ ನಕ್ಷೆಯಲ್ಲಿ ಇರುವ ಖಾಲಿ ಜಾಗಕ್ಕೆ ಈ ಕಡೆಯ ಮೌನವೂ ಒಂದು ಕಾರಣ.

8

ಒಟ್ಟಾರೆಯಾಗಿ ನೋಡಿದಾಗ, ಗೆರೆಫಿ ಅವರ ವಿದ್ವತ್ತಿನ ಹಿರಿಮೆ ಇರುವುದು ಅಧಿಕಾರದ ವಿಳಾಸವನ್ನು ಪತ್ತೆಹಚ್ಚಿದ್ದರಲ್ಲಿ. ಒಂದು ಅಂಗಿಯ ಬೆಲೆಯನ್ನೂ ಗಡುವನ್ನೂ ನಿರ್ಧರಿಸುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಅವರ ಬರಹಗಳಷ್ಟು ಖಚಿತವಾಗಿ ಉತ್ತರಿಸಿದವು ಕಡಿಮೆ. 2018ರಲ್ಲಿ ‘ಗ್ಲೋಬಲ್ ವ್ಯಾಲ್ಯೂ ಚೇನ್ಸ್ ಅಂಡ್ ಡೆವಲಪ್‌ಮೆಂಟ್’ ಎಂಬ ಗ್ರಂಥದಲ್ಲಿ ಒಟ್ಟುಗೂಡಿದ ಅವರ ಲೇಖನಗಳು ಈ ಕ್ಷೇತ್ರದ ಆಕರಗಳಾಗಿ ಬಹುಕಾಲ ಉಳಿಯುತ್ತವೆ. ಅವರ ಮಿತಿ ಇರುವುದು ಅರಿವಿನ ವಿಳಾಸವನ್ನೂ ಅಧಿಕಾರ ಇರುವಲ್ಲಿಯೇ ಹುಡುಕಿದ್ದರಲ್ಲಿ. ಅಧಿಕಾರ ಮೇಲಿದೆ ಎಂಬುದು ವಾಸ್ತವದ ವಿವರಣೆ. ಅರಿವೂ ಮೇಲೆಯೇ ಇದೆ ಎಂಬುದು ಅಧಿಕಾರದ ಹೇಳಿಕೆಯನ್ನು ಒಪ್ಪಿಕೊಂಡಂತೆ.

ಈ ವ್ಯತ್ಯಾಸ ಕೇವಲ ಶಾಸ್ತ್ರದ ವಿಷಯವಲ್ಲ. ಕೂಲಿಯ ನಿರ್ಣಯದಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗೀಕರಣಗಳು ನೇರವಾಗಿ ಕೆಲಸ ಮಾಡುತ್ತವೆ. ಯಾರ ಕೈಯಲ್ಲಿ ಅರಿವಿದೆ ಎಂದು ಶಾಸ್ತ್ರ ಒಪ್ಪುತ್ತದೆಯೋ ಅವರಿಗೆ ಹೆಚ್ಚು ಕೇಳುವ ಆಧಾರವೂ ದೊರೆಯುತ್ತದೆ. ಟುಸ್ಟೆಪೆಕ್ ಕಾಡಿನ ರೈತರು ತಮ್ಮ ಅರಿವಿಗೆ ಹೆಸರು ದೊರೆತ ಮೇಲೆಯೇ ಚೌಕಾಸಿಗೆ ನಿಂತರು ಎಂಬುದನ್ನು ಇಲ್ಲಿ ನೆನೆಯಬೇಕು. ಫಾನ್ ಸಿಡೋ ಅವರ ಆಕ್ಷೇಪದ ಬಳಿಕ ಫಿನ್ನಿಷ್ ಪದ್ಧತಿಯ ನಕ್ಷೆಗಳು ಕಸವಾಗಲಿಲ್ಲ. ಅವುಗಳ ಜೊತೆಗೆ ಕಥೆ ಹೇಳುವವರ ಹೆಸರು, ಊರು, ಬದುಕು ಸೇರಿಕೊಂಡು ಅಧ್ಯಯನ ಸಮೃದ್ಧವಾಯಿತು. ಗೆರೆಫಿ ಅವರ ಸರಪಳಿಗೂ ಅಂಥದೇ ಪೂರಣ ಬೇಕಾಗಿದೆ. ಗೆಡ್ಡೆ ಅಗೆದವರ, ಜೀನ್ಸ್ ಒಗೆದವರ, ಕಾಲರು ಕೂಡಿಸಿದವರ ಅರಿವನ್ನು ಅವರ ಮಾತಿನಲ್ಲಿಯೇ ದಾಖಲಿಸುವ ಹೊಣೆ ಜಾನಪದ ಅಧ್ಯಯನದ್ದು.